ಜಗಲಿಯ ಮೇಲಿನ ಸರ್ಕಾರಿ ಮೀನು

ಶ್ರಾವಣದ ಮೂರನೆಯ ಸೋಮವಾರ ಬೆಳಿಗ್ಗೆ ಜಗದಾಂಬ ಬಾಗಿಲಿಗೆ ನೀರು ಹಾಕುವುದಕ್ಕೂ ಮೊದಲು ಜಗಲಿಯ ಮೂಲೆಗೆ ಹೋಗಿ ಗಾಜಿನ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಮೂರು ಮೀನು ಹೊಟ್ಟೆ ಮೇಲು ಮಾಡಿಕೊಂಡು ತೇಲುತ್ತಿದ್ದವು. ನಿನ್ನೆ ಎರಡು, ಇವತ್ತು ಮೂರು. ಅರವತ್ತು ಮೀನು ಬಂದಿದ್ದ ಪೆಟ್ಟಿಗೆಯಲ್ಲಿ ಈಗ ಇಪ್ಪತ್ತೊಂಬತ್ತು ಉಳಿದಿದ್ದವು.

ಲಿಂಗ ಕಟ್ಟಿದವರ ಮನೆಯ ಜಗಲಿಯ ಮೇಲೆ ಮೀನಿನ ಪೆಟ್ಟಿಗೆ ಯಾಕೆ ಬಂತೆಂದು ಮಧುಗಿರಿಯ ಆ ಬೀದಿಯಲ್ಲಿ ಕೇಳದವರಿಲ್ಲ. ಎದುರುಮನೆಯ ಸಿದ್ದಗಂಗಮ್ಮ ಅಂತೂ ದಿನಕ್ಕೊಂದು ಸಲ, "ಮಸಾಲೆ ಯಾವತ್ತು ಅರೀತೀಯೇ ಜಗದಾಂಬ?" ಎಂದು ಕೂಗಿ ಕೇಳಿ ತಾನೇ ನಗುತ್ತಿದ್ದಳು. ಜಗದಾಂಬನಿಗೆ ನಗು ಬರುತ್ತಿರಲಿಲ್ಲ.

ಯುದ್ಧ ಶುರುವಾಗಿ ನಾಲ್ಕು ವರ್ಷವಾಗಿತ್ತು. ಜಾವಾ ದೇಶ ಜಪಾನಿನವರ ಪಾಲಾದ ಮೇಲೆ ಚಳಿಜ್ವರದ ಔಷಧಿ ಕ್ವಿನೈನ್ ಬರುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಜಗದಾಂಬನ ಗಂಡ ಪರ್ವತಯ್ಯನವರು ಊರಿನ ಆಸ್ಪತ್ರೆಯಲ್ಲಿ ಕಂಪೌಂಡರು. ಚಳಿಜ್ವರದಲ್ಲಿ ಗಡಗಡ ನಡುಗುತ್ತ ಬಂದವರಿಗೆ ಬರಿಗೈ ತೋರಿಸಿ ಕಳಿಸುವುದೇ ಅವರ ಕೆಲಸವಾಗಿತ್ತು. ಆಗ ಹೆಲ್ತ್ ಇನ್ಸ್‌ಪೆಕ್ಟರ್ ವೃಷಭೇಂದ್ರಪ್ಪನವರು ಎಲ್ಲಿಂದಲೋ ಈ ಮೀನು ತರಿಸಿದರು. ಅರ್ಧ ಬೆರಳಿನಷ್ಟುದ್ದದ, ಬೂದಿ ಬಣ್ಣದ, ನೋಡಿದರೆ ಮತ್ತೆ ನೋಡಬೇಕೆನ್ನಿಸದ ಮೀನು. ಆದರೆ ಬಾವಿಯಲ್ಲಿ ಹುಟ್ಟುವ ಸೊಳ್ಳೆಮರಿಗಳನ್ನೆಲ್ಲ ತಿಂದು ಮುಗಿಸುತ್ತವಂತೆ. ಬಾವಿಗೆ ಹತ್ತು ಮೀನು. ಗೌರಿಹಬ್ಬ ಕಳೆದ ಮೇಲೆ ಬಂದು ಊರೂರಿನ ಬಾವಿಗೆ ಬಿಡುತ್ತೇನೆ, ಅಲ್ಲಿಯವರೆಗೆ ಕಾಪಾಡಿ ಎಂದರು. ಆಸ್ಪತ್ರೆಯಲ್ಲಿ ಕೋತಿಗಳ ಕಾಟ. ಹಾಗಾಗಿ ಪೆಟ್ಟಿಗೆ ಕಂಪೌಂಡರ ಮನೆ ಸೇರಿತು.

ಇನ್ಸ್‌ಪೆಕ್ಟರ ಬಾವಿಗಳ ಪಟ್ಟಿಯಲ್ಲಿ ಕೊಡಿಗೇನಹಳ್ಳಿಯ ಒಂದು ಬಾವಿಯೂ ಇತ್ತು. ಅದು ಜಗದಾಂಬನ ಮಗಳು ಸರೋಜಮ್ಮನ ಅತ್ತೆಮನೆಯ ಹಿತ್ತಲ ಬಾವಿ. ಹೋದ ವರ್ಷ ಇದೇ ಕಾಲದಲ್ಲಿ, ಐದು ತಿಂಗಳ ಬಸುರಿಯಾಗಿದ್ದಾಗ, ಸರೋಜಮ್ಮನಿಗೆ ಚಳಿಜ್ವರ ಹಿಡಿಯಿತು. ಜ್ವರ ಬಿಟ್ಟಿತು, ಬಸಿರು ನಿಲ್ಲಲಿಲ್ಲ. ಈ ವರ್ಷ ಅವಳಿಗೆ ಮತ್ತೆ ನಾಲ್ಕು ತಿಂಗಳು. ಔಷಧಿಯ ಬಾಟಲಿ ಖಾಲಿ. ಮಗಳನ್ನು ಈಗಲೇ ಕರೆದುಕೊಂಡು ಬರೋಣವೆಂದರೆ, ಏಳು ತುಂಬುವ ಮೊದಲು ಕಳಿಸುವುದಿಲ್ಲವೆಂದು ಬೀಗಿತ್ತಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ಉಳಿದದ್ದು ಈ ಮೀನೊಂದೇ. ಅದಕ್ಕೇ ಸತ್ತ ಮೀನು ಕಂಡಾಗಲೆಲ್ಲ ಜಗದಾಂಬ ಉಳಿದವನ್ನು ಮತ್ತೆ ಮತ್ತೆ ಎಣಿಸುತ್ತಿದ್ದಳು.

ಮೊದಲ ವಾರ ಎಲ್ಲ ಸರಿಯಾಗಿತ್ತು. ತಪ್ಪು ಶುರುವಾದದ್ದು ಉಪಚಾರದಿಂದ. ಚಿಟಿಕೆಯಷ್ಟು ಹಿಟ್ಟು ಸಾಕೆಂದು ಇನ್ಸ್‌ಪೆಕ್ಟರು ಹೇಳಿದ್ದರು. ಮನೆಗೆ ಬಂದವರಿಗೆ ಚಿಟಿಕೆ ಬಡಿಸಿ ಗೊತ್ತಿಲ್ಲದ ಹೆಂಗಸು ಜಗದಾಂಬ. ಅವಲಕ್ಕಿ ಪುಡಿ, ಹುರಿಗಡಲೆ ಪುಡಿ, ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ. ನೀರು ಅಕ್ಕಿ ತೊಳೆದ ನೀರಿನ ಹಾಗಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಪರ್ವತಯ್ಯನವರು ನೋಡಿ, "ಹೊಟ್ಟೆ ಬಿರಿಯೋ ಹಂಗೆ ತಿನ್ನಿಸಿ ಕೊಲ್ತೀಯ ಕಣೇ" ಎಂದರು. ಅವಳು ಹಿಟ್ಟು ಹಾಕುವುದನ್ನು ನಿಲ್ಲಿಸಿದಳು. ನೀರು ತಿಳಿಯಾಯಿತು, ಆದರೂ ಎರಡು ಸತ್ತವು.

ಬಿಸಿಲಿರಬಹುದು ಎಂದುಕೊಂಡಳು. ಮಧ್ಯಾಹ್ನದ ಬಿಸಿಲು ಬಿದ್ದು ಗಾಜಿಗೆ ಹಸುರು ಪಾಚಿ ಕಟ್ಟುತ್ತಿತ್ತು. ಗಂಡನ ಕೈಲಿ ಪೆಟ್ಟಿಗೆಯನ್ನು ಒಳಮೂಲೆಗೆ ಸರಿಸಿ, ಪಾಚಿಯನ್ನು ಬಟ್ಟೆಯಿಂದ ಒರೆಸಿದಳು. ಮಾರನೆಯ ದಿನ ನಾಲ್ಕು ಹೋದವು.

ಜಗಳವಿರಬಹುದೇ? ಇನ್ಸ್‌ಪೆಕ್ಟರು ಪರೀಕ್ಷೆಗೆಂದು ಊರ ಕೆರೆಯ ನಾಲ್ಕು ಮೀನನ್ನೂ ಅದೇ ಪೆಟ್ಟಿಗೆಗೆ ಬಿಟ್ಟಿದ್ದರು. ಕೆಂಪು ಬಾಲದ ಪುಂಡರು, ಸಣ್ಣವನ್ನು ಮೂಲೆಗೊತ್ತಿ ಬಾಲ ಕಚ್ಚುತ್ತಿದ್ದವು. ಅವನ್ನು ಹಳೇ ಪಂಚೆಯ ತುಂಡಿನಲ್ಲಿ ಹಿಡಿದು, "ಹೋಗ್ರಿ, ದನದ ಜೊತೆ ಬಾಳ್ರಿ" ಎಂದು ಹಿತ್ತಲಲ್ಲಿ ಹಸು ನೀರು ಕುಡಿಯುವ ಕಲ್ಲುಬಾನಿಗೆ ಎಸೆದಳು. ಪೆಟ್ಟಿಗೆಯಲ್ಲಿ ಜಗಳ ನಿಂತಿತು. ಸಾವು ನಿಲ್ಲಲಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಅವಳು ಎಳ್ಳಷ್ಟೂ ತಪ್ಪಿರಲಿಲ್ಲ. ಬಾವಿಯ ನೀರನ್ನು ನೇರವಾಗಿ ಸುರಿಯಬೇಡಿ, ಒಂದು ರಾತ್ರಿ ತುಂಬಿಟ್ಟು ಆಮೇಲೆ ಹಾಕಿ ಎಂದು ಇನ್ಸ್‌ಪೆಕ್ಟರು ಹೇಳಿದ್ದರು. ಅದಕ್ಕೆ ಮನೆಯಲ್ಲಿದ್ದ ಅತ್ಯುತ್ತಮ ಪಾತ್ರೆಯನ್ನೇ ತೆಗೆದಿಟ್ಟಳು. ಅದು ಅವಳ ತಾಯಿ ಕೊಟ್ಟ ತಾಮ್ರದ ಹಂಡೆ. ಪೂಜೆಯ ನೀರು ಬಿಟ್ಟರೆ ಬೇರೆ ನೀರು ಕಾಣದ ಹಂಡೆ. ದಿನಾ ಹುಣಿಸೇಹಣ್ಣು, ಉಪ್ಪು ಹಾಕಿ ಮುಖ ಕಾಣುವ ಹಾಗೆ ತಿಕ್ಕಿ, ನೀರು ತುಂಬಿ, ಬಟ್ಟೆ ಮುಚ್ಚಿಡುತ್ತಿದ್ದಳು. ಮೊದಲು ವಾರಕ್ಕೊಂದು ಸಲ ನೀರು ಬದಲಾಯಿಸುತ್ತಿದ್ದವಳು, ಆಮೇಲೆ ಎರಡು ದಿನಕ್ಕೊಂದು ಸಲ ಬದಲಾಯಿಸಿದಳು. ಮೀನು ಸತ್ತಷ್ಟೂ ಅವಳು ನೀರು ಬದಲಾಯಿಸಿದಳು. ನೀರು ಬದಲಾಯಿಸಿದಷ್ಟೂ ಮೀನು ಸತ್ತವು.

"ಇದು ಪೆಟ್ಟಿಗೆ ಮಾಡಿದ ಸಾಬ್ರು ಮೆತ್ತಿರೋ ಪುಟ್ಟಿ ಕೆಲಸ ಕಣೇ," ಎಂದರು ಪರ್ವತಯ್ಯನವರು, ಆ ಸೋಮವಾರ. ನೀರು ಸೋರದಂತೆ ಗಾಜಿನ ಅಂಚಿಗೆ ಮೆತ್ತಿದ್ದ ಪುಟ್ಟಿಯ ಅಂಟನ್ನು ಉಗುರಿನಿಂದ ಕೆರೆದು ಮೂಸಿದರು. "ಇದ್ರಾಗೇ ವಿಷ ಐತೆ. ನಿಯಾಜ್ ಅಹಮದ್ ಬಂದು ನೋಡ್ಲಿ."

ನಿಯಾಜ್ ಅಹಮದ್ ಶಿರಾದ ತಗಡಿನ ಕೆಲಸದವರು. ಲಾಟೀನು, ಟ್ರಂಕು ಮಾಡುವುದು, ತಾಮ್ರದ ಪಾತ್ರೆಯ ಒಳಮೈಗೆ ತವರದ ಕಲಾಯಿ ಹಾಕುವುದು ಅವರ ಕಸುಬು. ಪೆಟ್ಟಿಗೆ ಮಾಡಿಕೊಟ್ಟವರೂ ಅವರೇ. ಮಾತು ಹೇಗೆ ಮುಟ್ಟಿತೋ, ಮುಟ್ಟುವಷ್ಟರಲ್ಲಿ ಎಷ್ಟು ಬೆಳೆದಿತ್ತೋ, ಗುರುವಾರದ ಬಸ್ಸಿಗೆ ಕೊಡೆ ಊರಿಕೊಂಡು ಬಂದೇಬಿಟ್ಟರು. ಜಗಲಿ ಹತ್ತಲಿಲ್ಲ.

"ಮೂವತ್ತು ವರ್ಸ ಆತಮ್ಮಾ ಈ ಕೆಲ್ಸ ಮಾಡ್ತಾ. ನಿಯಾಜ್ ಅಹಮದ್ ಪೆಟ್ಟಿಗೇಲಿ ಜಹರ್ ಇಟ್ಟ ಅಂತ ಇವತ್ತು ಕೇಳಿದೆ," ಎಂದರು.

ಜಗದಾಂಬನಿಗೆ ನಾಚಿಕೆಯಾಯಿತು. "ಅಂಗಲ್ಲ ಸಾಬ್ರೆ, ಮೇಲೆ ಬನ್ನಿ. ನಂಗೆ ದಿಕ್ಕೇ ತೋಚ್ತಿಲ್ಲ. ಇವು ಸತ್ರೆ ನನ್ನ ಮಗಳು..." ಎಂದಳು.

ಮುದುಕರು ಕೊಡೆ ಮಡಚಿ ಮೇಲೆ ಬಂದರು. ಪೆಟ್ಟಿಗೆಯೊಳಗೆ ಹತ್ತೊಂಬತ್ತು ಮೀನು ಈಜಲಾರದೆ ಈಜುತ್ತಿದ್ದವು. ಅವರು ತುಂಬ ಹೊತ್ತು ನೋಡಿದರು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದವರು ಅಲ್ಲಿಂದಲೇ ಕೂಗಿದರು. "ಅಮ್ಮಾ, ಇಲ್ಲಿ ದನದ ಬಾನಿಯಾಗೆ ಇವು ಯಾವು?"

"ಅವಾ? ಜಗಳಗಂಟಿಗಳು. ಆಚೆ ಹಾಕ್ಬುಟ್ಟೆ."

"ಇವು ಚೆಂದಾಗವಲ್ಲಮ್ಮಾ! ಹಸು ಬಾಯಿ ಹಾಕ್ತದೆ, ಕಸ ಬೀಳ್ತದೆ, ಆದ್ರೂ ಕುಣೀತಾವೆ. ಇದಕ್ಕೆ ನೀರೆಲ್ಲಿಂದು?"

"ಇದೇ ಬಾವೀದು. ಸೇದಿ ಹಾಕೋದು."

"ಪೆಟ್ಟಿಗೇಗೆ?"

"ಇದೇ ಬಾವೀದೇ. ಆದ್ರೆ ಒಂದು ರಾತ್ರಿ ಅದ್ರಾಗೆ ತುಂಬಿಟ್ಟು..." ಎಂದು ಜಗದಾಂಬ ಹಂಡೆ ತೋರಿಸಿದಳು.

ನಿಯಾಜ್ ಅಹಮದ್ ಹಂಡೆಯ ಹತ್ತಿರ ಹೋಗಿ ಬಟ್ಟೆ ಸರಿಸಿ, ಒಳಮೈಗೆ ಬೆರಳಾಡಿಸಿದರು. ತಾಮ್ರ ಕೆಂಪಗೆ ಹೊಳೆಯುತ್ತಿತ್ತು. "ಕಲಾಯಿ ಹಾಕ್ಸಿಲ್ಲ," ಎಂದರು.

"ಬರೀ ನೀರಿಗೆ ಕಲಾಯಿ ಯಾಕೆ ಸಾಬ್ರೆ? ನಾವೂ ತಾಮ್ರದಾಗೇ ಕುಡಿಯೋದು."

"ನೀವು ಕುಡ್ದು ಕೆಳಗಿಡ್ತೀರಮ್ಮಾ. ಅವು ಅದ್ರಾಗೇ ಉಸಿರಾಡ್ತಾವೆ. ಒಂದು ಮಾತು ಹೇಳಿ, ಹುಳಿಸಾರು ಮಾಡಿ ಈ ಹಂಡೇಲಿ ಇಡ್ತೀರಾ?"

"ಥೂ, ಎಲ್ಲಾರಾ ಉಂಟಾ! ಕಿಲುಬು ಬುಡಲ್ವಾ? ತಿಂದೋರು ವಾಂತಿ..." ಎಂದವಳ ಕಣ್ಣು ಹಂಡೆಯ ಮೇಲೆ ನಿಂತಿತು.

ಮದುವೆಯಾಗಿ ಬಂದ ದಿನದಿಂದ ಗೊತ್ತಿದ್ದ ಮಾತು. ಕಲಾಯಿ ಇಲ್ಲದ ತಾಮ್ರಕ್ಕೆ ಹುಳಿ ತಾಗಿದರೆ ಕಿಲುಬು. ಮೊಸರು ಇಡಬಾರದು, ಸಾರು ಇಡಬಾರದು. ಮಗಳಿಗೂ ಅವಳೇ ಕಲಿಸಿದ್ದು. ಹಾಗಿದ್ದೂ ದಿನಾ ಹುಣಿಸೇಹಣ್ಣು ತಿಕ್ಕಿದ ಹಂಡೆಯಲ್ಲಿ ರಾತ್ರಿಯಿಡೀ ನೀರಿಟ್ಟು, ಆ ನೀರನ್ನು ತಾನೇ ಎತ್ತಿ ಎತ್ತಿ ಸುರಿದಿದ್ದಳು. ಮಡಿಯೆಂದು, ಶ್ರೇಷ್ಠವೆಂದು. ದನದ ಬಾನಿಗೆ ಎಸೆದವು ಬದುಕಿದವು. ಮುಚ್ಚಟೆಯಿಂದ ಸಾಕಿದವು ಸತ್ತವು. ಅವಳಿಗೆ ತನ್ನ ಮೇಲೇ ಅಸಹ್ಯವಾಗಿ ಅಳು ಉಕ್ಕಿತು.

ನಿಯಾಜ್ ಅಹಮದ್ ಅವಳ ಕಡೆ ನೋಡಲಿಲ್ಲ. ಪೆಟ್ಟಿಗೆಯ ನೀರನ್ನು ಬಸಿಯುತ್ತ, ಮಣ್ಣಿನ ಮಡಕೆಯಲ್ಲಿ ನಿಲ್ಲಿಸಿದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿಸಿ, ಕಾಫಿ ಕುಡಿದು, ಸಂಜೆಯ ಬಸ್ಸಿಗೆ ಹೋದರು. ಹೋಗುವಾಗ ಪರ್ವತಯ್ಯನವರಿಗೆ, "ನನ್ನ ಪುಟ್ಟಿ ಬಗ್ಗೆ ಊರಾಗೆ ಏನೇನು ಹೇಳಿದೀರೋ, ಈಗ ಹಂಡೆ ಸಂಗತೀನೂ ಹೇಳಿಬುಡಿ ಸ್ವಾಮಿ," ಎಂದರು.

ಸಾವು ಒಂದೇ ದಿನಕ್ಕೆ ನಿಲ್ಲಲಿಲ್ಲ. ಮೊದಲೇ ಸೋತಿದ್ದ ಹತ್ತು ಮೀನು ಮೂರು ದಿನದಲ್ಲಿ ಹೋದವು. ಆಮೇಲೆ ಒಂದೂ ಸಾಯಲಿಲ್ಲ. ಉಳಿದದ್ದು ಒಂಬತ್ತು.

ಸಂಗತಿ ತಿಳಿದು ಇನ್ಸ್‌ಪೆಕ್ಟರ ಕಾಗದ ಬಂತು. ಒಂಬತ್ತಕ್ಕಾಗಿ ಪ್ರಯಾಣ ಮಾಡುವುದು ವ್ಯರ್ಥ, ದೀಪಾವಳಿಗೆ ಹೊಸ ಮೀನು ತರಿಸೋಣ ಎಂದಿತ್ತು.

"ದೀಪಾವಳಿಗೆ ಅವಳಿಗೆ ಆರು ತುಂಬಿರುತ್ತೆ," ಎಂದಳು ಜಗದಾಂಬ. "ಜ್ವರ ಇನ್ಸ್‌ಪೆಕ್ಟರಪ್ಪನ ಕಾಗದ ಓದ್ಕೊಂಡು ಕೂತಿರುತ್ತಾ? ಒಂಬತ್ತಲ್ಲ ಇವು. ಅಗೋ ನೋಡಿ ಅದು, ಬಸುರಿ."

"ಮೀನು ಮೊಟ್ಟೆ ಇಡುತ್ತೆ ಕಣೇ."

"ಕಂಪೌಂಡರಾಗಿ ಬಸುರಿ ಗುರುತು ಸಿಕ್ಕಲ್ವಾ ನಿಮಗೆ? ಹೊಟ್ಟೆ ನೋಡಿ, ಒಳಗೆ ಕಪ್ಪಗೆ ಕಾಣ್ತೈತೆ. ಇವು ಮರೀನೇ ಹಾಕ್ತಾವಂತೆ, ಇನ್ಸ್‌ಪೆಕ್ಟರೇ ಅಂದಿದ್ರು. ನಾನೇ ತಗೊಂಡು ಹೋಗ್ತೀನಿ."

"ಸರ್ಕಾರದ ಮೀನು! ನಾಳೆ ಕೇಳಿದ್ರೆ ನಾನೇನು ಹೇಳ್ಲಿ?"

"ಐವತ್ತೊಂದು ಸತ್ತಾಗ ಏನು ಹೇಳಿದ್ರೋ ಅದನ್ನೇ ಹೇಳಿ."

ಪರ್ವತಯ್ಯನವರು ಸಂಜೆಯ ಬಸ್ಸಿನ ಕಂಡಕ್ಟರ ಕೈಲಿ ಮಗಳಿಗೆ ಹೇಳಿಕಳಿಸಿದರು. ಮಾರನೆಯ ಬೆಳಿಗ್ಗೆ ಹಿಂದೂಪುರದ ಬಸ್ಸಿಗೆ ಅವರೇ ಹತ್ತಿಸಿದರು.

ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಓಡಿಸುತ್ತಿದ್ದ ಇದ್ದಿಲು ಗ್ಯಾಸಿನ ಬಸ್ಸು. ದಿಬ್ಬ ಬಂದಲ್ಲೆಲ್ಲ ಕೆಮ್ಮಿ ನಿಲ್ಲುತ್ತಿತ್ತು. ಜಗದಾಂಬ ಮಣ್ಣಿನ ಮಡಕೆಯನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದು ಕೂತಿದ್ದಳು. ಕುಲುಕಾಟಕ್ಕೆ ನೀರು ಚೆಲ್ಲಿ ಸೀರೆಯೆಲ್ಲ ನೆನೆಯಿತು. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಬೊಗಸೆಯಲ್ಲಿ ನೀರೆತ್ತಿ ಮತ್ತೆ ಮಡಕೆಗೇ ಬಿಟ್ಟಳು, ಎತ್ತಿದಳು, ಬಿಟ್ಟಳು. ಗಾಳಿ ಸೇರಲಿ ಎಂದು ದಾರಿಯುದ್ದಕ್ಕೂ ಅದೇ ಕೆಲಸ. ಪಕ್ಕದಲ್ಲಿದ್ದ ಹೆಂಗಸು, "ಏನಮ್ಮಾ, ಹುಚ್ಚೇನಮ್ಮಾ?" ಎಂದಳು. "ಹೂಂ ಕಣಮ್ಮ," ಎಂದಳು ಜಗದಾಂಬ.

ಕೊಡಿಗೇನಹಳ್ಳಿಯಲ್ಲಿ ಇಳಿದಾಗ ಒಂಬತ್ತೂ ಬದುಕಿದ್ದವು. ಬಾಗಿಲಲ್ಲೇ ಕಾದಿದ್ದ ಸರೋಜಮ್ಮ ಮಡಕೆ ಇಸಕೊಂಡಳು. ಮಗಳ ಮುಖ ತುಂಬಿಕೊಂಡಿದ್ದನ್ನು ಕಂಡು ಜಗದಾಂಬನಿಗೆ ಜೀವ ಬಂದಂತಾಯಿತು. ಕುಡಿಯುವ ನೀರಿಗೆ ಮೀನೇ ಎಂದು ಬೀಗಿತ್ತಿ ಗೊಣಗಿದಳಾದರೂ ಹೋದ ವರ್ಷದ್ದು ಅವಳಿಗೂ ನೆನಪಿತ್ತು, ತಡೆಯಲಿಲ್ಲ. ಜಗದಾಂಬ ಬಚ್ಚಲಿಗೆ ಹೋಗಿ ಕಾಲು ತೊಳೆದು ಹಿತ್ತಲಿಗೆ ಬಂದಳು.

ಮಡಕೆ ಬಾವಿಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ಪಕ್ಕದಲ್ಲಿ ಸರೋಜಮ್ಮ ಒಂದು ಬಿಂದಿಗೆಗೆ ಹಗ್ಗ ಬಿಗಿಯುತ್ತಿದ್ದಳು. ತಾಮ್ರದ ಬಿಂದಿಗೆ. ಬಿಸಿಲಿಗೆ ಕಣ್ಣು ಕೋರೈಸುವ ಹಾಗೆ ಹೊಳೆಯುತ್ತಿತ್ತು.

"ಮಡಕೆ ಬಾವಿ ಗೋಡೆಗೆ ತಗುಲಿ ಒಡೆದೋದೀತು ಅಂತ ಇದಕ್ಕೆ ಬಗ್ಗಿಸ್ದೆ ಕಣಮ್ಮ," ಎಂದಳು ಸರೋಜಮ್ಮ ಹೆಮ್ಮೆಯಿಂದ. "ನೀನು ಬರ್ತೀಯ ಅಂತ ಈಗ್ತಾನೆ ಹುಣಿಸೇಹಣ್ಣು ಹಾಕಿ ತಿಕ್ಕಿದೀನಿ. ನೀನು ಹೇಳ್ಕೊಟ್ಟಂಗೇ."

ಜಗದಾಂಬ ಓಡಿಹೋಗಿ ಹಗ್ಗ ಕಿತ್ತುಕೊಂಡು ಬಿಂದಿಗೆಯನ್ನು ಸರಸರನೆ ಇಳಿಬಿಟ್ಟಳು. ರಾಟೆ ಕಿರುಚಿತು. ಕೆಳಗೆ ನೀರು ತಾಗಿದ ಸದ್ದಾಯಿತು. ಹಗ್ಗ ಜಗ್ಗಿ ಬಿಂದಿಗೆಯನ್ನು ಮಗುಚಿದಳು, ಮುಳುಗಿಸಿದಳು, ಮತ್ತೆ ಮಗುಚಿದಳು. ಮೇಲೆಳೆದಾಗ ಅದರಲ್ಲಿ ಬರೀ ನೀರಿತ್ತು.

"ಎಷ್ಟೊತ್ತಾಗಿತ್ತೇ ಅದಕ್ಕೆ ಹಾಕಿ?"

"ಈಗ್ಲೇ ಕಣಮ್ಮ. ಯಾಕೆ, ನಾನೇನು ತಪ್ಪು ಮಾಡ್ದೆ?"

"ನೀನಲ್ಲ ಕಣೆ. ನಾನು," ಎಂದು ಜಗದಾಂಬ ಬಾವಿಯೊಳಗೆ ಬಗ್ಗಿ ನೋಡಿದಳು. ಕತ್ತಲು, ಕತ್ತಲ ತಳದಲ್ಲಿ ಅವಳದೇ ಮುಖ.

ಅವಳು ಊರಿಗೆ ಹಿಂದಿರುಗಲಿಲ್ಲ. ಬೆಳಗಾದರೆ ಮೊದಲು ಬಾವಿಗೆ ಇಣುಕುವುದು, ಬೆಳ್ಳಗೆ ಏನಾದರೂ ತೇಲುತ್ತಿದೆಯೇ ನೋಡುವುದು. ಒಣಗಿದ ಎಲೆ ಕಂಡರೂ ಬಿಂದಿಗೆ ಇಳಿಬಿಟ್ಟು ಎತ್ತಿ ನೋಡುತ್ತಿದ್ದಳು. ಸಂಜೆ ಮಗಳ ಹಣೆ ಮುಟ್ಟಿ ನೋಡುವುದು. ದಿನಕ್ಕೆ ಹತ್ತು ಸಲ ಮುಟ್ಟಿಸಿಕೊಂಡು ಸರೋಜಮ್ಮನಿಗೆ ರೇಗಿಹೋಯಿತು. ಐದು ದಿನ ಹೀಗೇ ಕಳೆಯಿತು. ಸತ್ತದ್ದೂ ಕಾಣಲಿಲ್ಲ, ಬದುಕಿದ್ದೂ ಕಾಣಲಿಲ್ಲ.

ಆರನೆಯ ದಿನ ಬೆಳಿಗ್ಗೆ ನೀರು ಸೇದುತ್ತಿದ್ದ ಸರೋಜಮ್ಮ, "ಅಮ್ಮಾ!" ಎಂದು ಕೂಗಿದಳು. ಜಗದಾಂಬ ಒಲೆಯ ಮುಂದಿನಿಂದ ಎದ್ದು ಬಿದ್ದು ಓಡಿದಳು. ಬಿಂದಿಗೆಯ ನೀರಿನಲ್ಲಿ ಕಣ್ಣರೆಪ್ಪೆಯ ಕೂದಲಿನಷ್ಟು ಸಣ್ಣಗೆ, ಎರಡು ಕಣ್ಣುಳ್ಳ ಮೂರು ಜೀವಗಳು ಓಡಾಡುತ್ತಿದ್ದವು.

"ಬಸುರಿ ಅಂದಿದ್ದೆಯಲ್ಲಮ್ಮ, ಅದ್ರ ಮರಿ! ಬದುಕೈತೆ ಕಣಮ್ಮ! ಅತ್ತೆಮ್ಮನ್ನ ಕರೀತೀನಿ, ನೋಡ್ಲಿ..."

"ಮೊದ್ಲು ವಾಪಸ್ ಬುಡೇ!" ಎಂದು ಜಗದಾಂಬ ಚೀರಿದಳು. "ತಾಮ್ರದಾಗೈತೆ! ಮೊದ್ಲು ಬುಡು, ಆಮ್ಯಾಕೆ ಸಂತೋಷ ಪಡುವಂತೆ."

ಸರೋಜಮ್ಮ ಗಾಬರಿಯಿಂದ ಬಿಂದಿಗೆಯನ್ನು ಮತ್ತೆ ಇಳಿಬಿಟ್ಟು ಮಗುಚಿದಳು. ಆಮೇಲೆ ಜಗದಾಂಬ ಬಾವಿಕಟ್ಟೆಗೆ ಒರಗಿ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತಳು. ಸೇದಿದ ಬಿಂದಿಗೆಯನ್ನೆಲ್ಲ ಬಗ್ಗಿ ನೋಡಿ, ಮರಿ ಬಂದಿದ್ದರೆ ಮತ್ತೆ ಬಾವಿಗೆ ಬಿಟ್ಟು ಸೇದಬೇಕಾಗಿ ಬಂದುದರಿಂದ ಅವತ್ತು ಆ ಮನೆಯಲ್ಲಿ ಅಡುಗೆ ಆಗುವಾಗ ಮಧ್ಯಾಹ್ನ ಮೀರಿತ್ತು.