ಸಲಮಾಂಕದ ಗೋಡೆಯ ಕಪ್ಪೆ

ಸ್ಪೇನಿನ ಸಲಮಾಂಕ ವಿಶ್ವವಿದ್ಯಾಲಯದ ಹಳೆಯ ಮುಂಗೋಡೆಯ ತುಂಬ ಕೆತ್ತನೆ. ಅದರ ನಡುವೆ ಎಲ್ಲೋ ಒಂದು ಪುಟ್ಟ ಕಪ್ಪೆಯಿದೆ. ಯಾರ ನೆರವೂ ಇಲ್ಲದೆ ಅದನ್ನು ಕಂಡುಹಿಡಿದ ವಿದ್ಯಾರ್ಥಿ ಪರೀಕ್ಷೆ ಪಾಸಾಗುತ್ತಾನೆ, ವಿದ್ಯಾರ್ಥಿಯಲ್ಲದವರು ಕಂಡುಹಿಡಿದರೆ ವರ್ಷದೊಳಗೆ ಮದುವೆಯಾಗುತ್ತದೆ ಎನ್ನುತ್ತಾರೆ. ಬೇರೆಯವರು ತೋರಿಸಿಕೊಟ್ಟರೆ ಫಲವಿಲ್ಲ.

ನಮ್ಮೂರ ಹಿರಿಯರ ಸಂಘದ ಬಸ್ಸು ಸಲಮಾಂಕಕ್ಕೆ ಹೊರಟ ದಿನ ಸತುರ್ನಿನೊ ಮತ್ತೊಮ್ಮೆ ಕಸಿಲ್ದಾಳನ್ನು ಮದುವೆಯಾಗುತ್ತೀಯಾ ಎಂದು ಕೇಳಿದ. ಅವನು ನಿವೃತ್ತ ಅಂಚೆಯವ, ಹೆಂಡತಿ ತೀರಿಕೊಂಡಿದ್ದಳು. ಕಸಿಲ್ದಾ ವಿಧವೆ, ಗಂಡನ ತಂಗಿ ಒಬ್ದುಲಿಯಾಳ ಜೊತೆ ಇದ್ದವಳು.

"ಕಪ್ಪೆ ನಿನಗೆ ನೀನಾಗೇ ಕಂಡರೆ ಆಗಲಿ," ಎಂದಳು ಕಸಿಲ್ದಾ. "ಬಸ್ಸು ವಾಪಸ್ ಹೊರಡೋದರೊಳಗೆ. ಯಾರಾದರೂ ಹೇಳಿಕೊಟ್ಟರೋ, ಮುಗೀತು. ಮತ್ತೆ ಈ ಮಾತು ಎತ್ತಬಾರದು."

ಬಸ್ಸಿಗೆ ಬಸ್ಸೇ ನಕ್ಕಿತು. ಸತುರ್ನಿನೊ ಕಸಿಲ್ದಾಳ ಎದುರು ಕನ್ನಡಕ ಹಾಕುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಕನ್ನಡಕವಿಲ್ಲದೆ ಅವನಿಗೆ ಚರ್ಚಿನ ಕಂಬವೂ ಪಾದ್ರಿಯೂ ಒಂದೇ. ನಗದವಳು ಒಬ್ದುಲಿಯಾ ಮಾತ್ರ. ಅತ್ತಿಗೆ ಹೋದರೆ ಸಂಜೆ ಇಸ್ಪೀಟಿಗೆ ಕೂರುವವರು ಯಾರು?

ಆ ಗೋಡೆಯ ಮುಂದಿನ ಅಂಗಳಕ್ಕೆ ಕಾಲಿಡುವ ಮೊದಲೇ ಸತುರ್ನಿನೊ ಬುತ್ತಿಯ ರೊಟ್ಟಿ ಮುರಿದು, ಮೆತ್ತನೆ ಭಾಗವನ್ನು ಉಂಡೆ ಮಾಡಿ ಎರಡೂ ಕಿವಿಗೆ ತುರುಕಿಕೊಂಡ. ಕೊಡೆ ಎತ್ತಿ ಪ್ರವಾಸಿಗರಿಗೆ ಕಪ್ಪೆ ತೋರಿಸುವ ಗೈಡುಗಳು ಬಂದಾಗಲೆಲ್ಲ ಕಣ್ಣು ಮುಚ್ಚಿದ. ಅವನನ್ನು ಅಲ್ಲೇ ಬಿಟ್ಟು ನಾವೆಲ್ಲ ಕಾಫಿಗೆ ಹೋದೆವು.

ನಾವು ಮರಳಿದಾಗ ಒಬ್ದುಲಿಯಾ ನಮಗಿಂತ ಮುಂಚೆ ಬಂದು ಅವನ ಮುಂದೆ ನಿಂತಿದ್ದಳು.

"ಬಲಗಡೆ ಕಂಬ ನೋಡೋ! ತಲೆಬುರುಡೆ ಮೇಲೆ!"

"ಹೌದು ಹೌದು, ಬಿಸಿಲು ಜಾಸ್ತಿ," ಎಂದ ಸತುರ್ನಿನೊ.

ಅವಳು ಬಿಡಲಿಲ್ಲ. ಲಂಗ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತು, ಕಪ್ಪೆಯಂತೆ ಬಲಗಡೆಗೆ ಕುಪ್ಪಳಿಸಿದಳು. ಸತುರ್ನಿನೊ ಕಣ್ಣು ಮುಚ್ಚಿದ. ಪ್ರವಾಸಿಗರು ಗೋಡೆ ಬಿಟ್ಟು ಅವಳ ಫೋಟೋ ತೆಗೆದರು. ನಾವು ಅವಳ ರೆಟ್ಟೆ ಹಿಡಿದು ಎಬ್ಬಿಸಿ ಆಚೆ ಕರೆದೊಯ್ದೆವು.

ಹೊರಡುವ ಹೊತ್ತಾಯಿತು. ಕಸಿಲ್ದಾ ಅವನ ಎದುರು ಬಂದು, ಕಿವಿಯಿಂದ ರೊಟ್ಟಿ ತಾನೇ ಕಿತ್ತಳು.

"ಕಂಡಿತಾ?"

"ಕಾಣದೆ ಏನು? ಅಗೋ, ಎಡಗಡೆ, ಆ ಗುರಾಣಿ ಮೇಲೆ. ಎಷ್ಟು ದಪ್ಪ ಇದೆ ನೋಡು."

ನಾವೆಲ್ಲ ನೋಡಿದೆವು. ಕೆತ್ತಿದ ಗುರಾಣಿಯ ಮೇಲೆ ಬೂದು ಬಣ್ಣದ ಪಾರಿವಾಳವೊಂದು ಮೈ ಉಬ್ಬಿಸಿಕೊಂಡು ಕೂತಿತ್ತು.

"ಅತ್ತಿಗೇ, ಅದು ಪಾರಿವಾಳ!" ಒಬ್ದುಲಿಯಾ ಚಪ್ಪಾಳೆ ತಟ್ಟಿದಳು.

ಕಸಿಲ್ದಾ ಪಾರಿವಾಳವನ್ನು ನೋಡಿದಳು. ಸತುರ್ನಿನೊನನ್ನು ನೋಡಿದಳು.

"ಸುಮ್ಮನಿರೇ. ಕಪ್ಪೇನೇ ಅದು."

ಅಷ್ಟರಲ್ಲಿ ಅದು ರೆಕ್ಕೆ ಬಡಿದು ಹೋಯಿತು.

"ನೋಡು, ಹಾರಿಹೋಯ್ತು!" ಎಂದಳು ಒಬ್ದುಲಿಯಾ.

"ಕಪ್ಪೆ ಅಂದ ಮೇಲೆ ನೆಗೆಯಲ್ವಾ? ನಡಿ, ಬಸ್ಸು ತಪ್ಪುತ್ತೆ."

ವಾಪಸ್ ಬರುವಾಗ ಕಸಿಲ್ದಾ ಮುಂದಿನ ಸೀಟಿನಲ್ಲಿ ನಾದಿನಿಯ ಪಕ್ಕ ಕೂತು ಸಮಾಧಾನ ಮಾಡುತ್ತಿದ್ದಳು: "ಅಳಬೇಡ್ವೇ, ಮೂರು ಜನ ಇದ್ದರೆ ಆಟ ಇನ್ನೂ ಚೆನ್ನಾಗಿರುತ್ತೆ." ಸತುರ್ನಿನೊ ನನ್ನ ಪಕ್ಕ ಕೂತ. ಕೋಟಿನ ಒಳಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ.

"ಅಯ್ಯೋ ಕಳ್ಳ, ತಂದಿದ್ಯಾ?"

"ಮೆಲ್ಲಗೆ ಮಾರಾಯ. ನೀವು ಕಾಫಿಗೆ ಹೋದಾಗಲೇ ಕಪ್ಪೆ ನೋಡಿದೆ. ಬಲಗಡೆ, ಬುರುಡೆ ನೆತ್ತಿ ಮೇಲೆ."

"ಮತ್ತೆ ಪಾರಿವಾಳ ಯಾಕೋ ತೋರಿಸಿದೆ?"

"ಪರೀಕ್ಷೆ ನಾನೊಬ್ಬನೇ ಬರೀಬೇಕಾ?"

"ಅವಳು ಒಪ್ಪದೆ ಹೋಗಿದ್ರೆ?"

"ಕನ್ನಡಕ ಹಾಕ್ಕೊಂಡು ಕಪ್ಪೆ ತೋರಿಸ್ತಿದ್ದೆ."

ಆಗ ಮುಂದೆ ಕಸಿಲ್ದಾ ತಿರುಗಿದಳು. ಸತುರ್ನಿನೊ ಸರಕ್ಕನೆ ಕನ್ನಡಕ ಕಿತ್ತು ಜೇಬಿಗಿಳಿಸಿ, ಪ್ರೀತಿಯಿಂದ ಕೈಬೀಸಿ ಒಂದು ಮುತ್ತು ತೂರಿದ.

ಒಬ್ದುಲಿಯಾಳ ಕಡೆಗೆ.