ಬೋಣಿಗೆ ಮೊದಲು ಎಲ್ಲರೂ ಸುಖಿಗಳು

ಪ್ರಶ್ನೆ ಕೇಳಿದ ಕೂಡಲೇ ಪೆನ್ನಿನ ಮುಚ್ಚಳ ಹಾಕಿ ಮಡಿಲಲ್ಲಿಟ್ಟುಕೊಳ್ಳುವ ಸಂಶೋಧಕರನ್ನು ನಾನು ಗುರುದೇವಿಯೊಬ್ಬಳಲ್ಲೇ ಕಂಡಿದ್ದೇನೆ. ಶಹಾಪುರದ ಮಾರುಕಟ್ಟೆಯ ಅಂಗಳಕ್ಕೆ ಪೆನ್ನು ಹಿಡಿದು ಬರುವವರಿಗೆ ಕೊರತೆಯಿಲ್ಲ. ತೆರಿಗೆಯವರು, ವಿಮೆಯವರು, ಚುನಾವಣೆ ಹತ್ತಿರವಾದರೆ ಇನ್ನೂ ಕೆಲವರು, ಎಲ್ಲರೂ ನಾವು ಬಾಯಿ ತೆರೆಯುವ ಮೊದಲೇ ಬರೆಯತೊಡಗುವವರು. ಈಕೆ ಕೇಳುವಳು, ಮುಚ್ಚಳ ಹಾಕುವಳು, ಎದುರಿನವರ ಮುಖವನ್ನೇ ನೋಡುತ್ತ ಕೂಡುವಳು. ಉತ್ತರ ತಡವಾದರೆ "ಅವಸರಿಲ್ರಿ" ಎನ್ನುವಳು. ಮೊದಲು ಮಾತಾಡಿದವನೇ ದರದಲ್ಲಿ ಸೋಲುವ ನಮ್ಮ ವ್ಯಾಪಾರದಲ್ಲಿ ಆ ಮೌನ ಎಂಥ ಬಂಡವಾಳವೆಂಬುದನ್ನು ನಾನು ಬಲ್ಲೆ. ದೇವರ ದಯೆ, ಆಕೆ ದಲಾಲಿಗೆ ಇಳಿಯದೆ ಮನಶ್ಶಾಸ್ತ್ರಕ್ಕೆ ಹೋದಳು.

ಅವಳ ಅಪ್ಪ, ಕೆಂಭಾವಿ ಊರಿನ ಅಯ್ಯಣ್ಣ, ಬಸ್ಸಿನ ಕಂಡಕ್ಟರನಾಗಿ ನಿವೃತ್ತನಾದವನು. ಸಂತೆಗೆ ಹೋಗಿ ಬರುವಾಗ ನನಗೆ ಕಿಟಕಿ ಪಕ್ಕದ ಜಾಗ ಕಾದಿಡುತ್ತಿದ್ದ ಪುಣ್ಯಾತ್ಮ. ಆ ಋಣದಿಂದಲೇ ಮಗಳು ನನ್ನ ಅಂಗಡಿಗೆ ಬಂದಳು. ಬಂದದ್ದು ಅಪ್ಪನ ಖಾಕಿ ಅಂಗಿಯನ್ನು ಚೂಡಿದಾರದ ಮೇಲೆ ತೊಟ್ಟು, ತೋಳು ಮೊಳಕೈತನಕ ಮಡಚಿ, ಧೂಳು, ಹತ್ತಿಯ ಎಳೆ ಮೈಗೆ ಹತ್ತಬಾರದೆಂದು. ಸೀರೆಯ ಮೇಲೆ ಗಂಡನ ಅಂಗಿ ತೊಟ್ಟು ಕಾಳು ಹಸನು ಮಾಡುತ್ತಿದ್ದ ಹೆಣ್ಣುಮಕ್ಕಳು ಆ ವೇಷವನ್ನು ನೋಡಿ ಮಗ್ಗುಲಿಗೆ ಸರಿದು ಜಾಗ ಕೊಟ್ಟರು. ಹಮಾಲಿ ಅಂಬಣ್ಣ ಮಾತ್ರ ಬೆನ್ನ ಮೇಲಿನ ಚೀಲ ಇಳಿಸದೆಯೇ ಕೇಳಿದ: "ಕಂಡಕ್ಟರಮ್ಮ, ಸುರಪುರಕ್ಕ ಒಂದ್ ಹಾಫ್ ಕೊಡು. ಚೀಲಕ್ಕ ಲಗೇಜ್ ಹಾಕಬ್ಯಾಡ ಮತ್ತ."

ಮನಸ್ಸಿನಲ್ಲಿ ಸಂಕಟವಿದ್ದಾಗ ಮನುಷ್ಯನ ಲಕ್ಷ್ಯ ಎಲ್ಲಿಗೆ ಹೋಗುತ್ತದೆ, ಆಗ ಅವನು ತನ್ನ ಕೆಲಸವನ್ನು ಎಷ್ಟು ಮೆಚ್ಚುತ್ತಾನೆ ಎಂಬುದು ಅವಳ ಡಾಕ್ಟರೇಟಿನ ಅಭ್ಯಾಸದ ವಿಷಯ. ಅದಕ್ಕೊಂದು ಆಟವಿತ್ತು: ಮೊಬೈಲಿನ ಪರದೆಯಲ್ಲಿ ಕೆಂಪು ಚುಕ್ಕೆ ಬಂದರೆ ಒತ್ತಬೇಕು, ಬೇರೆ ಬಣ್ಣ ಬಂದರೆ ಸುಮ್ಮನಿರಬೇಕು. ಮೊದಲು ನನ್ನ ಮೇಲೆಯೇ ಪ್ರಯೋಗಿಸಿದಳು.

"ನಿಮ್ಮ ಲಕ್ಷ್ಯ ಭಾಳ ಕಡಿಮಿ ಅದ ಕಾಕಾ."

"ಕಡಿಮಿ ಇಲ್ಲವ್ವ. ಬಾಜೂ ಅಂಗಡ್ಯಾಗ ತೊಗರಿ ಸವಾಲ್ ನಡದದ, ಎಲ್ಲಾ ಅಲ್ಲೇ ಅದ."

"ಹಂಗಾದ್ರ ನಿಮ್ಮನ್ನ ಕೇಳೂದು ಬ್ಯಾಡ, ಗೊತ್ತಾತು" ಎಂದು ನಕ್ಕು ಹಮಾಲರ ಕಡೆ ಹೋದಳು.

ಸವಾಲು, ಅಂದರೆ ಮಾಲಿನ ಹರಾಜು, ಶುರುವಾದರೆ ಯಾರಿಗೂ ಪುರುಸೊತ್ತಿರುವುದಿಲ್ಲವೆಂದು ಆಕೆ ಬೆಳಗ್ಗೆಯೇ, ಅಂಗಡಿಗಳಲ್ಲಿ ಊದುಬತ್ತಿಯ ಹೊಗೆ ಇನ್ನೂ ಆಡುತ್ತಿರುವಾಗ ಬರುತ್ತಿದ್ದಳು. ಚಹಾ ಬಂದರೆ ಎದುರಿನವರು ಕುಡಿದು ಮುಗಿಸುವವರೆಗೆ ತಾನು ಮುಟ್ಟಳು. ಅವಳ ಪಾಲಿಗೆ ಬಂದದ್ದು ಸದಾ ಕೆನೆಗಟ್ಟಿದ ತಣ್ಣನೆಯ ಚಹಾ. ಆ ಚಳಿಗಾಲವೆಲ್ಲ ಅವಳಿಗೆ ಸಿಕ್ಕ ಉತ್ತರಗಳೋ, ಸ್ವರ್ಗದಲ್ಲಿ ಕೇಳಿದ್ದರೂ ಅಷ್ಟು ಚೆನ್ನಾಗಿ ಸಿಗುತ್ತಿರಲಿಲ್ಲ. ಬೆನ್ನು ಬಾಗಿದ ಹಮಾಲರು, ಧೂಳಿಗೆ ಕೆಮ್ಮುವ ಹೆಣ್ಣುಮಕ್ಕಳು, ಯಾರಿಗೂ ಯಾವ ಕೊರಗೂ ಇರಲಿಲ್ಲ. ನನ್ನ ಅಂಗಡಿಯಲ್ಲಿ ತೊಗರಿ ಹಸನು ಮಾಡುವ ಮರಿಲಿಂಗಮ್ಮ ಕೂಡ "ಎಲ್ಲಾ ಛಲೋ ಅದ ಯವ್ವಾ, ಮನಸ್ಸಿಗೂ ಸಮಾಧಾನ ಅದ" ಎಂದಳು. ಹಾಗೆನ್ನುವಾಗ ಅವಳು ಎರಡು ಸಲ ಕತ್ತು ಹೊರಳಿಸಿ ಹಿಂದೆ ನೋಡಿದ್ದನ್ನು ಗುರುದೇವಿ ಕಂಡಳಂತೆ. ಆದರೆ ಬರೆದುಕೊಳ್ಳಬೇಕಾದದ್ದು ಉತ್ತರವನ್ನಲ್ಲವೆ?

ಮಾರ್ಗದರ್ಶಕರಿಗೆ ಪರಮಾನಂದವಾಯಿತು. ಇಷ್ಟು ತೃಪ್ತ ಕಾರ್ಮಿಕರು ಎಲ್ಲಿಯೂ ಸಿಕ್ಕಿಲ್ಲ, ಬೇಗ ಬರೆದು ಒಪ್ಪಿಸು ಎಂದರು. ಬೇಗ ಎನ್ನಲು ಕಾರಣವಿತ್ತು. ಸುರಪುರದ ಕಾಲೇಜೊಂದರಲ್ಲಿ ಆಕೆ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸ ಅತಿಥಿಯಂತೆ ಕರೆಸಿಕೊಂಡು, ಪರೀಕ್ಷೆ ಮುಗಿಯುತ್ತಲೇ ಬೀಳ್ಕೊಡುತ್ತಿದ್ದರು. ಆ ವರ್ಷ ಅಲ್ಲೊಂದು ಕಾಯಂ ಹುದ್ದೆ ತೆರೆದಿತ್ತು, ಬೇಸಿಗೆಯೊಳಗೆ ಡಾಕ್ಟರೇಟು ಕೈಗೆ ಬಂದರೆ ಅದು ಬಹುಮಟ್ಟಿಗೆ ಅವಳದೇ. ಅಂಥ ಹುದ್ದೆ ಈ ಸೀಮೆಯಲ್ಲಿ ಮತ್ತೆ ಯಾವಾಗ ತೆರೆಯುವುದೋ ಆ ದೇವರು ಶರಣಬಸಪ್ಪನೇ ಬಲ್ಲ.

ಕೆಲಸ ಮುಗಿಯಿತೆಂದು ಪೇಡೆ ಕೊಡಲು ಒಂದು ಬೆಳಗ್ಗೆ ಬಂದಳು. ಅಷ್ಟರಲ್ಲಿ ಅಂಬಣ್ಣ ಕುಂಟುತ್ತ ಬಂದು, "ಸಾವ್ಕಾರ್ರ, ಮೊಣಕಾಲು ಭಾಳ..." ಎಂದು ಆರಂಭಿಸಿದ. ನಾನು ಕೈ ಅಡ್ಡ ಹಿಡಿದೆ. "ತಡಿಯೋ ಮಾರಾಯ, ಇನ್ನಾ ಬೋಣಿ ಆಗಿಲ್ಲ. ಆಮ್ಯಾಗ ಅಳು." ಅವನು ನಾಲಿಗೆ ಕಚ್ಚಿಕೊಂಡ. "ತಪ್ಪಾತ್ರಿ. ಎಲ್ಲಾ ಛಲೋ ಅದ" ಎಂದು ಹಾಗೇ ಕುಂಟುತ್ತ ಹೋದ. ದಿನದ ಮೊದಲ ಮಾರಾಟವಾಗುವ ತನಕ ನಮ್ಮಲ್ಲಿ ಕೆಟ್ಟದ್ದನ್ನು ಬಾಯಿಂದ ಆಡುವುದಿಲ್ಲ. ಉಪ್ಪು ತೀರಿದರೆ 'ಹೆಚ್ಚಾಗಿದೆ' ಎನ್ನುವ ಜನ ನಾವು.

ಪೇಡೆ ಹಿಡಿದ ಗುರುದೇವಿಯ ಕೈ ಅರ್ಧಕ್ಕೇ ನಿಂತಿತು.

"ಕಾಕಾ, ಬೋಣಿ ಆಗೂತನಕ ಯಾರೂ ತ್ರಾಸ ಹೇಳಂಗಿಲ್ಲೇನು?"

"ಬೋಣಿ ಮೊದಲು ನಾ ನಾಯಿಗೂ ಹಚಾ ಅನ್ನಂಗಿಲ್ಲ. ಕೆಂಭಾವಿ ಹುಡುಗಿ, ನಿನಗ ಗೊತ್ತಿಲ್ಲೇನು?"

"ನಮ್ಮಪ್ಪಂದು ಬಸ್ಸಲ್ರಿ. ಅಲ್ಲಿ ಮೊದಲನೇ ಟಿಕೆಟಿಗೇ ಜಗಳ ಹತ್ತತಿತ್ತು."

ಆಕೆ ನಗಲಿಲ್ಲ. ಚಳಿಗಾಲವಿಡೀ ತಾನು ಕೂಡಿಹಾಕಿದ್ದು ಜನರ ಸಂತೋಷವಲ್ಲ, ಬೋಣಿಗೆ ಮೊದಲಿನ ಅವರ ಸಂಕೋಚ ಎಂಬುದು ಅವಳಿಗೆ ಹೊಳೆದಿತ್ತು. ನಾನು ವ್ಯಾಪಾರಿಯ ಬುದ್ಧಿ ಹೇಳಿದೆ: "ಗಿರಾಕಿದು ತಕರಾರಿಲ್ಲ, ಮಾಲು ಕಳಿಸಿಬಿಡು."

"ಮಾಲು ಹಸಿ ಅದಂತ ಗೊತ್ತಾದ ಮ್ಯಾಗ ನೀವು ಕಳಸ್ತೀರೇನು?"

"ಗಿರಾಕಿ ನೋಡಿ ಕಳಸ್ತೀನಿ."

ಆಗ ತುಸು ನಕ್ಕಳು. ಆದರೆ ಚಳಿಗಾಲದ ಉತ್ತರಗಳನ್ನೆಲ್ಲ ತೆಗೆದುಹಾಕಿದಳು. ಮಾರ್ಗದರ್ಶಕರು ಫೋನಿನಲ್ಲಿ ಕೂಗಾಡಿದ್ದು ಗಲ್ಲಾದ ಹತ್ತಿರ ಕೂತ ನನಗೂ ಕೇಳಿಸುತ್ತಿತ್ತು. ಆಕೆ "ಹೌದ್ರಿ ಸರ್, ಹೌದ್ರಿ" ಎನ್ನುತ್ತಲೇ ಇದ್ದಳು, ಒಪ್ಪಲಿಲ್ಲ.

ಮತ್ತೆ ಮೊದಲಿನಿಂದ ಕೇಳಲು ಆಕೆ ಬಂದದ್ದು ಮಧ್ಯಾಹ್ನದ ಹೊತ್ತಿಗೆ, ಸವಾಲು ಮುಗಿದು ಎಲ್ಲರೂ ರೊಟ್ಟಿ ಬಿಚ್ಚುವಾಗ. ಅದೇ ಪ್ರಶ್ನೆಗೆ ಮರಿಲಿಂಗಮ್ಮ ಬಹಳ ಹೊತ್ತು ರೊಟ್ಟಿ ಮುರಿಯುತ್ತ ಕೂತಳು. ಗುರುದೇವಿಯೂ ಕೂತಳು. ಕಡೆಗೆ ಮಾತು ಬಂತು. ಹಿಂದಿನ ವರ್ಷ ಬೇರೊಂದು ಊರಿನ ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿದ ಚೀಲದ ನಿಟ್ಟು ಕುಸಿದಿತ್ತು. ಅಲ್ಲಿ ಇವಳ ಮಗ್ಗುಲಲ್ಲೇ ಕೂತಿದ್ದ ಗೆಳತಿ ಮತ್ತೆ ಏಳಲಿಲ್ಲ. "ಅವತ್ತಿನಿಂದ ಬೆನ್ನ ಹಿಂದ ನಿಟ್ಟು ಇತ್ತಂದ್ರ ಕುತ್ತಿಗಿ ಮ್ಯಾಲ ಯಾರೋ ಉಸುರು ಬಿಟ್ಟಂಗ ಆಗ್ತದವ್ವ. ಕಾಳಿನ್ಯಾಗ ಕಣ್ಣು ನಿಂದ್ರೂದಿಲ್ಲ. ಸಾವ್ಕಾರ್ರು ಕಲ್ಲು ಹಳ್ಳು ಉಳದಾವಂತ ಬೈತಾರ. ಬೈಲಿ, ಅದಕ್ಕೇನಿಲ್ಲ."

ಸಂಕಟ, ಲಕ್ಷ್ಯ, ಕೆಲಸದ ತೃಪ್ತಿ, ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ ಇಂಥ ಉತ್ತರಕ್ಕಾಗಿ ಸಂಶೋಧಕರು ವರ್ಷಗಟ್ಟಲೆ ತಪಸ್ಸು ಮಾಡುತ್ತಾರಂತೆ. ಗುರುದೇವಿ ಎದ್ದು ನೇರವಾಗಿ ನನ್ನಲ್ಲಿಗೆ ಬಂದಳು.

"ಕಾಕಾ, ನಿಟ್ಟು ಆ ಕಡಿ ಗ್ವಾಡಿಗೆ ಹಚ್ಚಿಸಿ ಆಕೀನ್ನ ಬಾಗಲದ ಕಡಿ ಕೂಡ್ಸಾಕ ಆಗ್ತದೇನು?"

ಆ ಮಧ್ಯಾಹ್ನವೇ ಅಂಬಣ್ಣನ ಜತೆಯವರು ಗೊಣಗುತ್ತ ಚೀಲಗಳನ್ನು ಸಾಗಿಸಿದರು. ಮರುದಿನ ಆಕೆ ಮರಿಲಿಂಗಮ್ಮನ ಉತ್ತರವನ್ನು ತನ್ನ ಅಭ್ಯಾಸದಿಂದ ತೆಗೆದುಹಾಕಿದ್ದಾಗಿ ಹೇಳಿದಾಗ ನನಗೆ ಸಿಟ್ಟೇ ಬಂತು. ಇದ್ದುದರಲ್ಲಿ ಅದೊಂದೇ ಬಂಗಾರವಲ್ಲವೆ?

"ಯುಗಾದಿ ದಾಟಿದ ಮ್ಯಾಗ ಇನ್ನೊಂದು ಸಲ ಆಟ ಆಡ್ಸಬೇಕಾಗಿತ್ತು ಕಾಕಾ. ಅಲ್ಲೀತನಕ ಆಕಿ ಕೆಲಸದ ಜಾಗದಾಗ ಏನೂ ಬದಲಾಗಬಾರದು. ನಾ ಕೈ ಹಾಕಿಬಿಟ್ಟೆ."

"ಅಲ್ಲೀತನಕ ನಿಟ್ಟು ಅಲ್ಲೇ ಬಿಡಬೇಕಾಗಿತ್ತು ಹುಚ್ಚಿ."

"ಆಕಿ ಅದರ ಬುಡಕ ಕುಂದರಬೇಕಾಗಿತ್ತಲ್ರಿ."

ನಾನು ಒಂದು ಬಿಸಿ ಚಹಾ ತರಿಸಿ ಅವಳ ಕೈಗೇ ಕೊಟ್ಟೆ.

ಡಾಕ್ಟರೇಟು ಮರುವರ್ಷ ಬಂತು. ಅಷ್ಟರಲ್ಲಿ ಕಾಯಂ ಹುದ್ದೆ ಬೇರೊಬ್ಬರದಾಗಿತ್ತು. ಸುರಪುರದಲ್ಲಿ ಆಕೆ ಈಗಲೂ ಅತಿಥಿಯೇ. ಬೇಸರವಿದೆಯೇ ಎಂದು ಒಮ್ಮೆ ಕೇಳಿದೆ, ಬೋಣಿಯಾದ ಮೇಲೆಯೇ. "ಅದರಿ" ಎಂದಳು, ಬಚ್ಚಿಡಲಿಲ್ಲ. ಮರಿಲಿಂಗಮ್ಮ ಈಗ ಊಟವಾದ ಮೇಲೆ ಬಾಗಿಲ ಪಕ್ಕದ ಬರಿ ಗೋಡೆಗೆ ಒರಗಿ ಗೊರಕೆ ಹೊಡೆಯುವಷ್ಟು ನಿದ್ದೆ ಮಾಡುತ್ತಾಳೆ; ನಾನು ಆ ಕಡೆ ನೋಡುವುದಿಲ್ಲ, ನೋಡಿದರೆ ಎಬ್ಬಿಸಬೇಕಾಗುತ್ತದೆ.

ಕೈಗೆ ಸಿಕ್ಕ ಒಳ್ಳೆಯ ಮಾಲನ್ನು ಒಳ್ಳೆಯ ದರಕ್ಕೆ ಮಾರುವುದೇ ಜಾಣತನವೆಂದು ನಂಬಿ ಬಾಳಿದವನು ನಾನು. ಆದರೆ ಪರರ ನೋವನ್ನು ಅರಸುತ್ತ ಹೋಗಿ, ಅದು ಸಿಕ್ಕ ಗಳಿಗೆಯಲ್ಲಿ ತಾನು ಬಂದ ಕೆಲಸವನ್ನೇ ಬದಿಗಿಟ್ಟು, ಮೊದಲು ಆ ಮನುಷ್ಯನನ್ನು ನೆರಳಿಗೆ ಕೂಡಿಸುವ ಜನರೂ ಇದ್ದಾರೆ. ಅವರ ಹೊತ್ತಗೆಗಳಲ್ಲಿ ಅಲ್ಲಲ್ಲಿ ಒಂದು ಉತ್ತರ ಕಡಿಮೆ ಬೀಳುತ್ತದೆ. ಆ ಖಾಲಿ ಜಾಗದಲ್ಲಿ ಎಲ್ಲೋ ಒಬ್ಬರು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿರುತ್ತಾರೆ.