ಅನಸೂಯಮ್ಮನವರ ಸಿಟ್ಟು

ನಾನು ಅನಸೂಯಮ್ಮನವರನ್ನು ಮೊದಲು ಕಂಡ ದಿನ ಅವರು ಒಬ್ಬ ಮನುಷ್ಯನನ್ನು ಏಣಿಯಿಂದ ಕೆಳಗಿಳಿಸುತ್ತಿದ್ದರು. ಶಿಡ್ಲಘಟ್ಟದ ಆಚೆ, ಹಿಪ್ಪುನೇರಳೆ ತೋಟಗಳ ನಡುವಿನ ಹಳೆಯ ಕಲ್ಲಿನ ಚರ್ಚನ್ನು ನಮ್ಮ ಸ್ಥಳೀಯ ಇತಿಹಾಸ ಸಂಘವು ವಸ್ತುಸಂಗ್ರಹಾಲಯ ಮಾಡಲು ವಹಿಸಿಕೊಂಡಿದ್ದ ವರ್ಷವದು, ಎರಡು ಸಾವಿರದ ಮೂರು. ಬಣ್ಣದವನು ನೀಲಿ ಬಣ್ಣದ ಡಬ್ಬವನ್ನು ಆಗಲೇ ಕಲಕಿದ್ದ.

“ಏಂದಿ ಇದಿ? ಕಲ್ಲಿಗೆ ಪೇಂಟ್ ಬಳೀತೀಯಾ? ಇಳಿ ಕೆಳಗೆ!”

“ಪ್ರೆಸಿಡೆಂಟ್ ಸಾರ್ ಹೇಳವ್ರೆ ಕಣಮ್ಮ.”

“ಹಂಗಾದ್ರೆ ಅವರ ಮೈಗೆ ಬಳಿ ಹೋಗು!”

ಅವರ ಸಿಟ್ಟು ಯಾವಾಗಲೂ ತೆಲುಗಿನಲ್ಲಿ ಹುಟ್ಟಿ ಕನ್ನಡದಲ್ಲಿ ಬೆಳೆಯುತ್ತಿತ್ತು. ರೇಷ್ಮೆ ಇಲಾಖೆಯ ನೌಕರಿಯಲ್ಲಿ ಹುಳುಮನೆಗಳನ್ನು ತಪಾಸಣೆ ಮಾಡುತ್ತ ಊರೂರು ತಿರುಗಿದವರಾದ್ದರಿಂದ, ಅಗಲವಾದ ರಸ್ತೆಯಲ್ಲಿಯೂ ಗದ್ದೆಯ ಬದುವಿನ ಮೇಲೆ ನಡೆಯುವಂತೆ ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ನೇರವಾಗಿ ಇಡುತ್ತ ನಡೆಯುವರು. ಸೀರೆಯ ಮೇಲೆ, ಬೇಸಿಗೆಯಲ್ಲಿಯೂ, ತೀರಿಹೋದ ಯಜಮಾನರ ಕಂದು ಕೋಟು. ಯಾರಾದರೂ ಕೆಣಕಿದರೆ, “ಜೇಬಿರೋ ಸೀರೆ ಯಾರು ನೇಯ್ತಾರೆ ಹೇಳಿ, ಉಟ್ಕೋತೀನಿ” ಎನ್ನುವರು. ಯಾವ ಮನೆಗೆ ಹೋದರೂ ಅಂಗಳದಲ್ಲಿ ನಿಂತು ಯಜಮಾನನನ್ನಲ್ಲ, ಮನೆಯ ಹೆಂಗಸನ್ನೇ ಹೆಸರು ಹಿಡಿದು ಕೂಗುವುದು ಅವರ ಪದ್ಧತಿ. ಹಾಗೆ ಕೂಗಿಯೇ ಅವರು ಸಂಗ್ರಹಾಲಯವನ್ನು ತುಂಬಿಸಿದರು. ಒಂದು ಮನೆಯಿಂದ ರಾಗಿಕಲ್ಲು, ಇನ್ನೊಂದು ಮನೆಯಿಂದ ಅಜ್ಜಿ ರೇಷ್ಮೆಗೂಡಿನಿಂದ ನೂಲು ಬಿಚ್ಚುತ್ತಿದ್ದ ಚರಕ. ಸಂಘದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅನಸೂಯಮ್ಮ ಕೇಳಿದರು, ಕೊಟ್ಟರು.

ಚರ್ಚು ಸಿಕ್ಕಿದ್ದೂ ಹಾಗೆಯೇ. ಅಲ್ಲಿ ಪ್ರಾರ್ಥಿಸುವ ಕ್ರೈಸ್ತ ಸಭೆಯಲ್ಲಿ ಉಳಿದಿದ್ದುದು ಐದು ಕುಟುಂಬ. ಸೋರುವ ಮಾಡನ್ನು ಹೊದಿಸುವ ಶಕ್ತಿ ಅವರಿಗಿರಲಿಲ್ಲ. ಸಂಘದ ಅಧ್ಯಕ್ಷರಾದ ಚೆನ್ನರಾಯಪ್ಪನವರು ಮಾತಾಡಲು ಅನಸೂಯಮ್ಮನವರನ್ನೇ ಕಳಿಸಿದರು. ಸಭೆಯ ಹಿರಿಯಳಾದ ಅಮ್ಮಾಜಮ್ಮ ಕೇಳಿದ್ದು ಒಂದೇ: “ಕ್ರಿಸ್‌ಮಸ್ಸಿಗೆ, ಸಾವಿಗೆ ಬಾಗಿಲು ತೆಗೀತೀರಾ ತಾಯಿ?”

“ನಾನಿದ್ದೀನಲ್ಲ” ಎಂದಿದ್ದರು ಇವರು.

ಮಾಡು ಹೊದಿಸಿದ್ದಾಯಿತು, ಬೆಂಚುಗಳ ಸುತ್ತ ‘ಕುಳಿತುಕೊಳ್ಳಬಾರದು’ ಎಂದು ಹಗ್ಗ ಕಟ್ಟಿದ್ದಾಯಿತು. ಬಾಗಿಲಿಗೊಂದು ಫಲಕ ಬಂತು: ‘ಭಾನುವಾರ ಹಾಗೂ ಸರ್ಕಾರಿ ರಜಾದಿನಗಳಲ್ಲಿ ಪ್ರವೇಶವಿಲ್ಲ.’ ಪ್ರಾರ್ಥನೆಗೆ ಬರುವವರು ಇನ್ನಾವ ದಿನ ಬರುತ್ತಾರೆಂದು ಬರೆಸಿದವರಿಗೆ ಹೊಳೆಯಲೇ ಇಲ್ಲ. ಫಲಕ ಬಂದ ಮೊದಲ ವರ್ಷ, ಎರಡು ಸಾವಿರದ ಐದರಲ್ಲಿ, ಕ್ರಿಸ್‌ಮಸ್ ಭಾನುವಾರವೇ ಬಿತ್ತು. ಹೊಸ ಬಟ್ಟೆಯುಟ್ಟು ಮಕ್ಕಳುಮರಿಗಳೊಡನೆ ಬಂದ ಐದು ಕುಟುಂಬಗಳು ಬೀಗದ ಮುಂದೆ ನಿಂತವು. ಸುದ್ದಿ ತಿಳಿದು ಬಂದ ಅನಸೂಯಮ್ಮನವರು ನೇರವಾಗಿ ಚೆನ್ನರಾಯಪ್ಪನವರ ಮನೆಗೆ ಹೋದರು. ನಾನೂ ಹಿಂದೆಯೇ ಓಡಿದೆ.

“ರೂಲ್ಸ್ ರೂಲ್ಸೇ ಅಮ್ಮ. ನಾಳೆ ಬರ್ಲಿ, ನಾನೇ ತೆಗೆಸ್ತೀನಿ. ದೇವರೇನು ಓಡೋಗ್ತಾನಾ?”

“ವೈಕುಂಠ ಏಕಾದಶಿ ದಿನ ಗುಡಿಗೆ ಬೀಗ ಹಾಕಿ ನಾಳೆ ಬನ್ನಿ ಅಂದ್ರೆ ನೀವು ಸುಮ್ನೆ ವಾಪಸ್ ಬರ್ತೀರಾ?”

“ಅದು ಬೇರೆ, ಇದು ಬೇರೆ.”

ಕೀಲಿ ಸಿಗಲಿಲ್ಲ. ಬಿಸಿಲಿನಲ್ಲಿ, ಮೆಟ್ಟಿಲ ಮೇಲೆಯೇ ಪ್ರಾರ್ಥನೆ ನಡೆಯಿತು. “ಬಿಡಮ್ಮ, ಏಸುಸ್ವಾಮಿ ಹುಟ್ಟೋ ರಾತ್ರೀನೂ ಛತ್ರದೊಳಗೆ ಜಾಗ ಸಿಕ್ಕಿರ್ಲಿಲ್ಲ” ಎಂದು ಅಮ್ಮಾಜಮ್ಮ ಇವರ ಕೈ ಹಿಡಿದುಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ, ಆ ಸಮಾಧಾನದ ಮಾತು ಅವರನ್ನು ಸುಟ್ಟುಬಿಟ್ಟಿತು.

ಮುಂದಿನ ಸಂಘದ ಸಭೆಯಲ್ಲಿ ಚೆನ್ನರಾಯಪ್ಪನವರು ತಣ್ಣಗೆ ಹೇಳಿದರು: “ಆ ಮಾತು ಕೊಟ್ಟಿದ್ದು ನೀವು. ಸಂಘ ಅಲ್ಲ.”

“ಕೇಳೋಕೆ ಕಳಿಸುವಾಗ ನಾನು ಸಂಘ, ಕೊಡೋ ಹೊತ್ತಿಗೆ ಬರೀ ಅನಸೂಯಮ್ಮನಾ? ಥೂ!”

ಬಾಗಿಲು ತೆಗೆಯಬೇಕೆಂದು ನಾವು ಕೆಲವರು ಅವರ ಪರವಾಗಿ ಕೈಯೆತ್ತಿದೆವು, ಸಾಲಲಿಲ್ಲ.

ಮರುದಿನದಿಂದಲೇ ಅವರು ಮತ್ತೆ ಊರೂರು ತಿರುಗತೊಡಗಿದರು. “ನಿಮ್ಮ ಸಾಮಾನು ವಾಪಸ್ ತಗೊಳ್ಳಿ. ಕೇಳಿದೋಳೂ ನಾನೇ, ಅಲ್ಲಿ ಬೇಡ ಅನ್ನೋಳೂ ನಾನೇ.” ಮಂಡಿಕಲ್ಲು ಊರಿನ ಚಿಕ್ಕವೆಂಕಟಮ್ಮ ಲಗೇಜ್ ಆಟೋ ಮಾಡಿಕೊಂಡು ಬಂದು, ಅತ್ತೆಯ ರಾಗಿಕಲ್ಲನ್ನು ಚೆನ್ನರಾಯಪ್ಪನವರ ಎದುರಿಗೇ ಹೇರಿಸಿಕೊಂಡು ಹೋದಳು. ಆ ಕಲ್ಲು ಈಗ ಅವಳ ಹಿತ್ತಲಲ್ಲಿ ಮಳೆಗೆ ನೆನೆಯುತ್ತಿದೆ. ಇತಿಹಾಸವನ್ನು ಪ್ರೀತಿಸುವ ನನಗೆ ಅದು ಸಂಕಟವೇ. ಹಾಗೆಂದು ಹೇಳಿದಾಗ ಅನಸೂಯಮ್ಮನವರು, “ನೆನೀಲಿ ಮೇಷ್ಟ್ರೇ, ಸುಳ್ಳಿನ ಮಾಡಿನ ಕೆಳಗಿರೋದಕ್ಕಿಂತ ವಾಸಿ” ಎಂದು ಮುಖ ತಿರುಗಿಸಿದರು.

ಈಗ, ಎರಡು ಸಾವಿರದ ಒಂಬತ್ತರಲ್ಲಿ, ಸಂಗ್ರಹಾಲಯದಲ್ಲಿ ಉಳಿದಿರುವುದು ಚರ್ಚಿನ ಬೆಂಚುಗಳು ಮಾತ್ರ. ಭಾನುವಾರದ ಬೀಗ ಇನ್ನೂ ಬೀಳುತ್ತಿದೆ. ಪ್ರತಿ ಭಾನುವಾರ ಅನಸೂಯಮ್ಮನವರು, ಐದು ಕುಟುಂಬಗಳು ಈಗ ಸೇರುವ ಅಮ್ಮಾಜಮ್ಮನ ಜಗಲಿಯಲ್ಲಿ, ಹಾಡು ಬಾರದಿದ್ದರೂ, ಪ್ರಾರ್ಥನೆ ಮುಗಿಯುವವರೆಗೆ ನಿಂತಿರುತ್ತಾರೆ. ವಾರದ ಉಳಿದ ದಿನಗಳಲ್ಲಿ ನಗರಗೆರೆಯ ಕಡೆಯ ಬಸ್ಸು ಹಿಡಿದು, ಸಾಮಾನು ಕೊಟ್ಟಿದ್ದ ಮನೆಗಳ ಹೆಂಗಸರಿಗೆ ತಪ್ಪಾಯಿತೆಂದು ಹೇಳಿಬರುತ್ತಾರೆ. ಊರು ಇಂಥವರನ್ನು ಜಗಳಗಂಟಿಯರೆನ್ನುತ್ತದೆ. ಬೇಡುವಾಗ ಇವರ ಮುಖವನ್ನು ಮುಂದೆ ಮಾಡಿ, ಪಡೆದಾದ ಮೇಲೆ ಇವರನ್ನೇ ಹೊಸ್ತಿಲಾಚೆ ನಿಲ್ಲಿಸುವ ದೊಡ್ಡಮನುಷ್ಯರು ಎಲ್ಲ ಊರಿನಲ್ಲಿಯೂ ಇದ್ದಾರೆ. ಅವರು ಮುರಿದ ಮಾತಿಗೆ ಮನೆಮನೆಗೆ ಹೋಗಿ ತಲೆತಗ್ಗಿಸುವವರು ಮಾತ್ರ ಯಾವಾಗಲೂ ಇವರೇ.